ಸಹಿಯವರೆಗೆ ಓದುತ್ತಿದ್ದ ಮಾಸ್ತರರು

ಸಾಯಬಣ್ಣ ಮಾಸ್ತರರು ನೇರವಾಗಿ ನಡೆದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ ಅವರದು ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಹಾಯುವ ನಡಿಗೆ. ಗೋಡೆಯ ಮೇಲೆ ಅಂಟಿಸಿದ ಒಂದು ಕಾಗದ ಕಂಡರೆ ಸಾಕು, ಅದು ಪಡಿತರದಂಗಡಿಯ ಫಲಕವಿರಲಿ, ನೀರು ಬಿಡುವ ಸಮಯದ ಪ್ರಕಟಣೆಯಿರಲಿ, ಪಕ್ಕದ ಪಿಂಪಳಗಾಂವ್ ಬಸವಂತ ಪೇಟೆಯ ಈರುಳ್ಳಿ ಹರಾಜಿನ ನಿಯಮವಿರಲಿ, ಅವರ ಪಾದಗಳು ತಾವಾಗಿಯೇ ಅತ್ತ ತಿರುಗುತ್ತಿದ್ದವು. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ, ಮೊದಲಕ್ಷರದಿಂದ ಅಡಿಯ ಸಹಿಯವರೆಗೆ ಓದಿ, "ಸಹಿ ಅದ, ಕಾರಣ ಇಲ್ಲ" ಎಂದೋ, "ಕಾರಣ ಅದ, ಸಹಿ ಇಲ್ಲ" ಎಂದೋ ತೀರ್ಪು ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ. ಅವರೊಡನೆ ಸೊಪ್ಪು ತರಲು ಹೋದವರು ಬಾಡಿದ ಸೊಪ್ಪನ್ನೇ ಮನೆಗೆ ತರಬೇಕಾಗುತ್ತಿತ್ತು.

ನಾಸಿಕದ ಹತ್ತಿರ ಓಝರ್‌ನಲ್ಲಿ ನಾವು ಅಕ್ಕಪಕ್ಕದ ಮನೆಯವರು. ನಾನು ಮೈಸೂರು ಕಡೆಯವನು, ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರು ಕಲಬುರಗಿ ಜಿಲ್ಲೆಯವರು, ಓಝರ್‌ನದೇ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇತಿಹಾಸ ಮತ್ತು ಪೌರನೀತಿ ಹೇಳುತ್ತಿದ್ದವರು. ಏಪ್ರಿಲ್ ಬಿಸಿಲಿನಲ್ಲೂ ಅವರ ಮೈಮೇಲೊಂದು ಕಂದು ಕೋಟು. "ಬೇಯುವುದಿಲ್ಲವೇ ಮಾಸ್ತರರೇ?" ಎಂದು ಛೇಡಿಸಿದರೆ, "ಒಳಜೇಬು ಬೇಕಲ್ರಿ" ಎನ್ನುತ್ತಿದ್ದರು. ಆ ಒಳಜೇಬಿನಲ್ಲಿ ಪತ್ರಿಕೆಯ ತುಣುಕುಗಳು, ಮಕ್ಕಳ ವಹಿಯಿಂದ, ಅಂದರೆ ನೋಟುಪುಸ್ತಕದಿಂದ, ನಕಲು ಮಾಡಿಕೊಂಡ ಸಾಲುಗಳು ಸದಾ ಇರುತ್ತಿದ್ದವು.

ಅವರ ಪಾಠಕ್ಕೆ ಒಂದು ಕಟ್ಟಳೆಯಿತ್ತು. ಯಾವ ಶತಮಾನದ ಯಾವ ರಾಜ್ಯದ ಮಾತೇ ಇರಲಿ, ಗಂಟೆ ಬಾರಿಸುವ ಮುಂಚೆ ಸೀಮೆಸುಣ್ಣ ಕೆಳಗಿಟ್ಟು, ಮರಾಠಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು: "ಆಜ್ ಹೇ ಕುಠೇ ಆಹೇ?" ಇವತ್ತು ಇದು ಎಲ್ಲಿದೆ? ಮಕ್ಕಳು ಸಂಜೆ ಬೀದಿಯಲ್ಲಿ ಹುಡುಕಿ, ಮರುದಿನ ವಹಿಯಲ್ಲಿ ಉತ್ತರ ಬರೆದು ತರಬೇಕು. ರೈತನ ತರಕಾರಿಯ ದಂಟನ್ನೂ ಮುಟ್ಟಬಾರದೆಂದು ಶಿವಾಜಿ ಮಹಾರಾಜರು ಅಧಿಕಾರಿಗೆ ಬರೆಸಿದ ಪತ್ರದ ಪಾಠವಾದ ಮರುದಿನ ಒಬ್ಬ ಹುಡುಗ, ದ್ರಾಕ್ಷಿ ಗಾಡಿಗಳನ್ನು ತಡೆದು ಒಂದೊಂದು ಗೊಂಚಲು ಎತ್ತಿಕೊಳ್ಳುವ ಸಾಹೇಬರೊಬ್ಬರ ವಿಷಯ ಬರೆದು ತಂದನಂತೆ. ಅಂದು ಮಾಸ್ತರರು ನಮ್ಮ ಮನೆಗೆ ಬಂದು ಎರಡು ಸಲ ಚಹಾ ಕುಡಿದರು. ಅಷ್ಟು ಸಂತೋಷ.

ಆದರೆ ಅವರ ಪ್ರಾಣದ ಪಾಠ ಬೇರೆಯೇ. ಅವರ ಊರಿನ ಸಮೀಪ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಹಳೆಯ ಗುಡಿಯೊಂದರ ಚಾವಣಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. "ನಮ್ಮವ್ವ ಕಾಯಿ ಒಡಸ್ತಿದ್ದ ದೇವಿ ಕಾಲ ಕೆಳಗ ರಾಜನ ಹುಕುಮ್ ಇತ್ರೀ, ನಮಗ್ಯಾರಿಗೂ ಗೊತ್ತೇ ಇದ್ದಿಲ್ಲ" ಎಂದು ಅವರು ಹೇಳುವಾಗ ಪ್ರತಿಸಲವೂ ಧ್ವನಿ ತಗ್ಗುತ್ತಿತ್ತು. ಅಶೋಕ ತನ್ನ ಅಧಿಕಾರಿಗಳಿಗೆ ಹೇಳಿದ ಬುದ್ಧಿಮಾತನ್ನು ಅವರು ಬಾಯಿಪಾಠ ಮಾಡಿಸುತ್ತಿದ್ದರು: ಕಾರಣವಿಲ್ಲದೆ ಯಾರಿಗೂ ಶಿಕ್ಷೆಯಾಗಕೂಡದು, ಹೊಟ್ಟೆಕಿಚ್ಚು, ಸಿಟ್ಟು, ಅವಸರ, ಸೋಮಾರಿತನ ಇದ್ದವನ ಕೈಯಲ್ಲಿ ನ್ಯಾಯ ನಡೆಯದು, ಈ ಮಾತನ್ನು ಗೊತ್ತಾದ ದಿನಗಳಲ್ಲಿ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು.

೨೦೦೬ರ ಮಳೆಗಾಲದಲ್ಲಿ ಶಾಲೆಯ ಪ್ರಯೋಗಶಾಲೆಯಿಂದ ಒಂದು ಸೂಕ್ಷ್ಮದರ್ಶಕ ಕಾಣೆಯಾಯಿತು. ಬೀಗದ ಕೈ ಇರುತ್ತಿದ್ದುದು ಜವಾನ ದತ್ತುವಿನ ಹತ್ತಿರ. ಬೆಳಿಗ್ಗೆ ಅನುಮಾನ, ಮಧ್ಯಾಹ್ನ ಗೇಟಿನ ಪಕ್ಕದ ಹಲಗೆಯ ಮೇಲೆ ವಜಾ ಆದೇಶ; ಅವನನ್ನು ಕರೆದು ಒಂದು ಮಾತೂ ಕೇಳಲಿಲ್ಲ. ಆ ವಾರ ಒಂಬತ್ತನೆಯ ತರಗತಿಯಲ್ಲಿ ನಡೆಯುತ್ತಿದ್ದುದು ಅಶೋಕನ ಪಾಠ.

ಬೀದರಿನ ಕುಟುಂಬದ ಅಶ್ವಿನಿ ಎಂಬ ಹುಡುಗಿ, ನನ್ನ ಮಗಳು ಮಾಲವಿಕಾಳ ಪಕ್ಕದಲ್ಲೇ ಕೂರುತ್ತಿದ್ದವಳು, ಮರುದಿನ ವಹಿಯಲ್ಲಿ ನಾಲ್ಕು ಸಾಲು ಬರೆದು ತಂದಳು: "ಇವತ್ತು ಇದು ನಮ್ಮ ಶಾಲೆಯ ಗೇಟಿನ ಮೇಲಿದೆ. ದತ್ತು ಮಾಮಾನನ್ನು ಯಾರೂ ಏನೂ ಕೇಳಲಿಲ್ಲ. ಅವಸರ ಇತ್ತು, ಸಿಟ್ಟು ಇತ್ತು. ಸಹಿ ಇದೆ, ಕಾರಣ ಇಲ್ಲ." ಮಾಸ್ತರರು ಹತ್ತಕ್ಕೆ ಹತ್ತು ಕೊಟ್ಟರು. ವಹಿ ಮುಖ್ಯೋಪಾಧ್ಯಾಯರ ಮೇಜಿಗೆ ಹೇಗೆ ಹೋಯಿತೋ ತಿಳಿಯದು. ಎರಡನೆಯ ದಿನ ಮಾಸ್ತರರಿಗೆ ಕರೆ ಬಂತು. ಆ ಹಾಳೆ ಇರಬೇಕೋ ಮಾಸ್ತರರು ಇರಬೇಕೋ, ಅವರೇ ತೀರ್ಮಾನಿಸಲಿ ಎಂದು ಮುಖ್ಯೋಪಾಧ್ಯಾಯರು ಹೇಳಿದರಂತೆ.

ಅಂದು ಸಂಜೆ ಅವರು ನನ್ನ ಸಲಹೆ ಕೇಳಲು ಬಂದರು. ನಾನೋ, ಬುದ್ಧಿವಂತ. "ನೀರಿನಲ್ಲಿದ್ದುಕೊಂಡು ಮೊಸಳೆಯ ಜೊತೆ ವೈರವೇ? ಐವತ್ತು ದಾಟಿದ ಮೇಲೆ ನಿಮ್ಮನ್ನು ಇನ್ಯಾರು ಕೆಲಸಕ್ಕೆ ಕರೆಯುತ್ತಾರೆ? ಒಂದು ಹಾಳೆ ಹೋದರೆ ಗಂಟೇನು ಹೋಗುತ್ತದೆ?" ಎಂದೆ. ಅವರು ಕೋಟಿನ ಗುಂಡಿ ತಿರುವುತ್ತ ಕೂತರು, ಒಲ್ಲೆ ಎನ್ನಲಿಲ್ಲ. ಅಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಮರುದಿನದ ಸಂಗತಿಯನ್ನು ಹೇಳಿದ್ದು ಮಾಲವಿಕಾ. ಮಾಸ್ತರರು ಅಶ್ವಿನಿಯ ಬೆಂಚಿನ ಬಳಿ ಬಂದು, ಅವಳ ಮುಖ ನೋಡದೆ, "ತಂಗಿ, ಆ ಹಾಳಿ ಹರದು ಬಿಡು" ಎಂದರಂತೆ. ಅವಳು ಅಳಲಿಲ್ಲ. ಸ್ಕೇಲು ಇಟ್ಟು, ಅಂಚು ಕೆಡದಂತೆ ಹರಿದು, ಅವರ ಕೈಗೇ ಕೊಟ್ಟು, "ಮತ್ತ ಹೋಮ್‌ವರ್ಕ್ ಏನ್ ಬರೀಲಿ ಸರ್?" ಎಂದು ಕೇಳಿದಳಂತೆ.

"ಪುಸ್ತಕದಾಗ ಇದ್ದದ್ದು ಬರಿ."

ಅಂದು ಸಂಜೆ ಮಗಳನ್ನು ಕರೆತರಲು ಹೋಗಿ ಶಾಲೆಯ ಎದುರು ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಮಾಸ್ತರರು ಹೊರಗೆ ಬಂದರು. ಹಲಗೆಯ ಮೇಲೆ ಆ ಆದೇಶ ಇನ್ನೂ ಇತ್ತು. ಅವರು ಅತ್ತ ತಿರುಗದೆ, ತಲೆ ತಗ್ಗಿಸಿ, ಹಗ್ಗ ಹಿಡಿದು ಎಳೆದಂತೆ ನೇರವಾಗಿ ನಡೆದು ಹೋದರು. ನಾನು ನೋಡಿದ ಆ ಒಂದು ಸಲ ಅದೇ.

ದೀಪಾವಳಿಗೆ ಮುಂಚೆ ಶಾಲೆ ಗುಡಿಸುವಾಗ ಸೂಕ್ಷ್ಮದರ್ಶಕ ನಕಾಶೆಗಳ ಕಪಾಟಿನ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಹೊಸ ಜವಾನ ಬಂದಾಗಿತ್ತು; ದತ್ತುವಿನ ಹೆಸರನ್ನು ಯಾರೂ ಎತ್ತಲಿಲ್ಲ. ಮಾಸ್ತರರು ಮಾತ್ರ ಭಾನುವಾರ ಭಾನುವಾರ ಸಿನ್ನರ್‌ನ ಕಾರ್ಖಾನೆಗಳ ಗೇಟು ಗೇಟು ಅಲೆದು, ಕಡೆಗೊಂದು ಕಡೆ ಕಾವಲುಗಾರನ ಅಂಗಿಯಲ್ಲಿ ಅವನನ್ನು ಕಂಡರು. "ಕ್ಷಮಾ ಕೇಳ್ಬೇಕಂತ ಹೋಗಿದ್ದೆ. ಎದ್ದು ನಿಂತು ತನ್ನ ಸ್ಟೂಲ್ ಕೊಟ್ಟ. ಇಷ್ಟ ಬಿಸಲಾಗ ಯಾಕ ಬಂದ್ರಿ ಸರ್ ಅಂದ. ಬೈದಿದ್ರ ಛಲೋ ಇತ್ತುರಿ, ಚಹಾ ಕುಡಿಸಿ ಕಳಿಸಿದ" ಎಂದು ನನ್ನ ಮುಂದೆ ಹೇಳಿದರು. ಆ ಹೊತ್ತು ಅವರ ಕಣ್ಣಲ್ಲಿ ಕಣ್ಣಿಡುವ ಧೈರ್ಯ ನನಗಾಗಲಿಲ್ಲ.

ಆ ಹಾಳೆ ಹರಿದಂದಿನಿಂದ ಅವರ ತರಗತಿ ಎಲ್ಲರ ತರಗತಿಯ ಹಾಗೆ ಗಂಟೆಗೆ ಮುಗಿಯತೊಡಗಿತು. ಪ್ರಶ್ನೆ ನಿಂತುಹೋಯಿತು. ಅಶ್ವಿನಿ ಪುಸ್ತಕದಲ್ಲಿ ಇದ್ದದ್ದನ್ನು ಪುಸ್ತಕದಲ್ಲಿ ಇದ್ದಂತೆಯೇ ಬರೆದು, ಹತ್ತನೆಯ ತರಗತಿಯಲ್ಲಿ ಇತಿಹಾಸಕ್ಕೆ ಇಡೀ ಶಾಲೆಗೇ ಹೆಚ್ಚು ಅಂಕ ಪಡೆದಳು. ಅವಳ ಮನೆಯವರು ಪೇಢೆ ಹಂಚಿದರು. ಮಾಸ್ತರರು ಪೇಢೆಯನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ಜಗಲಿಯ ಮೇಲೆ ಕೂತು, ಮಗು ಅತ್ತಂತೆ ಅತ್ತುಬಿಟ್ಟರು.

೨೦೧೩ರಲ್ಲಿ ನಿವೃತ್ತರಾದ ಮಾರನೆಯ ವಾರ, "ಒಬ್ಬರೇ ಇದ್ರೂ ಓದ್ಬೇಕಂತ ಅಶೋಕ ಬರಸ್ಯಾನಲ್ರಿ. ಆ ಒಬ್ಬಾಕಿಗೆ ಓದಿ ಬರ್ತೀನಿ" ಎಂದು ಹೊರಟರು. ಅಶ್ವಿನಿ ಆಗ ಔರಂಗಾಬಾದ್‌ನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಕೈ ಕೋಟಿನ ಒಳಜೇಬಿನ ಮೇಲೆಯೇ ಇತ್ತು.

ಹಾಸ್ಟೆಲಿನ ಕೆಳಗಿನ ಕೋಣೆಯಲ್ಲಿ ಅವಳು ನಮಸ್ಕರಿಸಿ ಕೂತಳು. ಮಾಸ್ತರರು ಏಳು ವರ್ಷದ ಆ ಹಾಳೆಯನ್ನು ಬಿಡಿಸಿ, ನಾಲ್ಕೂ ಸಾಲು ಓದಿ, "ತಂಗಿ, ನೀ ಬರದದ್ದು ಖರೆ ಇತ್ತು. ನಾ ಅಂಜಿದೆ" ಎಂದರು.

ಅವಳು ಮೃದುವಾಗಿ ನಕ್ಕಳು. "ಅದು ಲಹಾನಪಣದ್ದು ಸರ್. ನನಗ ಆಠವಣ್ ಸುದ್ದಾ ಇಲ್ಲ. ನೀರು ತರ್ಲಿ ಏನ್ರಿ?" ಚಿಕ್ಕಂದಿನ ಮಾತು, ನೆನಪೇ ಇಲ್ಲ. ಅದು ಮರೆವೋ, ಮುದುಕರ ಮನಸ್ಸು ನೋಯಿಸಬಾರದೆಂಬ ಸೌಜನ್ಯವೋ, ನನಗೆ ತಿಳಿಯಲಿಲ್ಲ.

ಬಾಗಿಲವರೆಗೆ ಬಂದಳು. ಅಲ್ಲಿಯೂ ಒಂದು ಹಲಗೆ, ಹಲಗೆಯ ತುಂಬ ಪ್ರಕಟಣೆಗಳು. ಎಂದಿನಂತೆ ಮಾಸ್ತರರ ಪಾದಗಳು ಅತ್ತ ತಿರುಗಿದವು. "ಇವನ್ನ ಓದ್ತೀಯೇನವ್ವಾ?" ಎಂದು ಕೇಳಿದರು.

"ಇಲ್ರೀ ಸರ್, ಯಾರೂ ಓದಂಗಿಲ್ಲ. ನಾವು ಸೀದಾ ಹೋಗ್ತೀವಿ."

ಮಾಸ್ತರರು ಹಾಳೆಯನ್ನು ಮಡಚಿ ಮತ್ತೆ ಒಳಜೇಬಿಗಿಟ್ಟುಕೊಂಡರು. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ಅವರ ಹೆಂಡತಿ ಕಸ್ತೂರಿಬಾಯಿ ಆ ಕೋಟನ್ನು ಒಗೆಯಲು ಒಪ್ಪದೆ ಹಾಗೆಯೇ ಎತ್ತಿಟ್ಟರು.

ನ್ಯಾಯದ ಮಾತನ್ನು ಮಕ್ಕಳಿಗೆ ಹೇಳಿಕೊಡುವವರ ಬದುಕು ನಮ್ಮಂಥವರ ಬದುಕಿಗಿಂತ ಕಷ್ಟದ್ದು. ನಾವು ಹೆದರಿದರೆ ಆ ಹೆದರಿಕೆ ನಮ್ಮೊಡನೆಯೇ ಮಣ್ಣಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅವರು ವರ್ಷಗಟ್ಟಲೆ ಧೈರ್ಯ ಹೇಳಿಕೊಟ್ಟು ಒಂದೇ ಒಂದು ದಿನ ಹೆದರಿದರೆ, ಆ ದಿನವೂ ಪಾಠವಾಗಿಬಿಡುತ್ತದೆ. ಮಕ್ಕಳು ಉಳಿದ ಪಾಠಗಳನ್ನೆಲ್ಲ ಮರೆತು ಅದೊಂದನ್ನು ಮಾತ್ರ ಕಲಿತುಕೊಳ್ಳುತ್ತಾರೆ.