ಹಸಿರು ಪಟ್ಟಿಗೆ ಇಳಿದವನು

ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಯಲ್ಲಿ ಗಾದಿಲಿಂಗನ ತಂಡದ ಹಮಾಲರಿಗೆ ಒಂದು ರೂಢಿ ಇತ್ತು. ಸೋಮವಾರ ಬೆಳಿಗ್ಗೆ ಮೊದಲ ಚೀಲ ತೂಗುವ ಮುಂಚೆ ಅವರಲ್ಲೊಬ್ಬ ತೂಕದ ಕಾಟಾ ಮೇಲೆ ನಿಲ್ಲಬೇಕು. ತೂಕ ಏರುಪೇರಾಗದ ಮನುಷ್ಯ ನಿಂತರೆ ಕಾಟಾದ ಸುಳ್ಳು ತಾನಾಗಿ ಹೊರಬೀಳುತ್ತದೆ ಎಂಬ ನಂಬಿಕೆ. ಇಪ್ಪತ್ತು ವರ್ಷದಿಂದ ಹಾಗೆ ನಿಲ್ಲುತ್ತಿದ್ದವನು ಹುಲುಗಪ್ಪ. ಮಳೆಗಾಲವಿರಲಿ, ಬೇಸಿಗೆಯಿರಲಿ, ಅವನ ತೂಕ ಎಂಬತ್ತೆರಡು ಕೆಜಿ.

ಹಾಗಾಗಿ ಒಂದು ಸೋಮವಾರ ಕಾಟಾ ಎಪ್ಪತ್ತೊಂಬತ್ತು ತೋರಿಸಿದಾಗ ಯಾರೂ ಹುಲುಗಪ್ಪನ ಮುಖ ನೋಡಲಿಲ್ಲ. ಕಾಟಾ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದರು. ಅವನು ಕಬ್ಬಿಣದ ತೂಕದ ಬಟ್ಟು ಇಟ್ಟು ನೋಡಿ, ಕಾಟಾ ಸರಿಯಾಗೇ ಇದೆ ಎಂದು ಹೇಳಿ ಹೋದ. ಆಗ ಗಾದಿಲಿಂಗನಿಗೆ ನೆನಪಾಯಿತು: "ಲೇ, ಇವನ ಮಗಳು ತೂಕ ಇಳಿಸು ಅಂದಿದ್ಲಲ್ಲ! ಇಳಿಸಾಕತ್ಯಾನ ಮಗ."

ಮಗಳು ರೇಖಾ ಹಿರೇಹಡಗಲಿಯ ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಬಾಡಿಗೆ ಕೋಣೆ. ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದಳು. ಹೋದ ವರ್ಷ ಇದೇ ಮಾರುಕಟ್ಟೆಯಲ್ಲಿ ತಪಾಸಣೆಯ ಶಿಬಿರ ನಡೆಸಿದ್ದಳು. ತೂಕವನ್ನು ಎತ್ತರದ ಮೀಟರಿನಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಅದೇ ಎತ್ತರದಿಂದ ಭಾಗಿಸಿದರೆ ಸಿಗುವುದೇ ಬಿಎಂಐ ಎಂದು ಬಿಡಿಸಿ ಹೇಳಿ, ಗೋಡೆಗೆ ಪಟ್ಟಿ ಅಂಟಿಸಿದ್ದಳು. ಹದಿನೆಂಟೂವರೆಯಿಂದ ಇಪ್ಪತ್ಮೂರರ ಒಳಗೆ ಹಸಿರು. ಅದರ ಮೇಲೆ ಹಳದಿ, ಇಪ್ಪತ್ತೈದು ದಾಟಿದರೆ ಕೆಂಪು. ಅಪ್ಪನದು ಇಪ್ಪತ್ತೊಂಬತ್ತು ಬಂದಿತ್ತು. ಎಲ್ಲರೆದುರು, "ಹದಿನೇಳು ಕೆಜಿ ಇಳಿಸ್ಬೇಕು ನೀನು" ಎಂದಿದ್ದಳು.

ಆ ಸಂಖ್ಯೆಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ತಿಳಿಯುವುದಿಲ್ಲ, ಮೈಮುರಿದು ದುಡಿಯುವವರ ಸೊಂಟದ ಸುತ್ತಳತೆಯನ್ನೂ ನೋಡಬೇಕು ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಂದು ನಲವತ್ತು ಜನ ಸಾಲಿನಲ್ಲಿದ್ದರು. ಅಳತೆಯ ಟೇಪು ಅವಳ ಚೀಲದಿಂದ ಹೊರಗೆ ಬರಲೇ ಇಲ್ಲ.

ಕಾಟಾ ಎಪ್ಪತ್ತೊಂಬತ್ತು ತೋರಿಸಿ ತಿಂಗಳುಗಳೇ ಆಗಿದ್ದವು. ಈ ಸೋಮವಾರ ಅವಳು ಮತ್ತೆ ಶಿಬಿರಕ್ಕೆ ಬಂದಾಗ ಹುಲುಗಪ್ಪ ಕಾಟಾ ಮೇಲೆ ನಿಂತಿದ್ದ. ಅರವತ್ತನಾಲ್ಕು. ಹಮಾಲರು ಚಪ್ಪಾಳೆ ತಟ್ಟಿದರು.

"ಮದುಮಗ ಆಗ್ಯಾನ ನೋಡ್ರಲೇ!" ಎಂದ ಗಾದಿಲಿಂಗ. "ರೇಖವ್ವ, ನಿನ್ನ ಲೆಕ್ಕದಾಗ ಪಾಸೋ, ಫೇಲೋ?"

"ಪಾಸ್, ಮಾವ. ಇಪ್ಪತ್ಮೂರರ ಒಳಗೈತಿ." ರೇಖಾ ನಗುತ್ತ ಅಪ್ಪನ ತೋಳು ಹಿಡಿದಳು. "ಇವನ್ನ ನೋಡಿ ಕಲೀರಿ ನೀವೆಲ್ಲ."

"ಕಲ್ತ್ರ ನಾವು ಉಪಾಸ ಬೀಳ್ತೀವಿ ತಾಯಿ. ನಿಮ್ಮಪ್ಪ ಚೀಲ ಹೊತ್ಕಂಡು ಎರಡು ಮೆಟ್ಲ ಹತ್ತಿದ್ರ ಕುಂತ್ಬಿಡ್ತಾನ. ಅವನ ಪಾಲಿಂದೂ ನಾವ ಹೊರಾಕತ್ತೀವಿ."

"ಯಾವಾಗಿಂದ?"

"ಮೆಕ್ಕೆಜೋಳದ ಸುಗ್ಗಿಯಿಂದ."

ಹುಲುಗಪ್ಪ ಟವೆಲ್ಲು ಕೊಡವಿ, "ಸುಮ್ನಿರಲೇ, ವಯಸ್ಸಾತು" ಎಂದ. ರೇಖಾಳ ಕೈ ಇನ್ನೂ ಅವನ ತೋಳಿನ ಮೇಲಿತ್ತು. ಚಿಕ್ಕಂದಿನಲ್ಲಿ ಅವಳು ಜೋತುಬೀಳುತ್ತಿದ್ದ ತೋಳು. ಈಗ ಬೆರಳಿನ ಕೆಳಗೆ ಚರ್ಮ ಮಾತ್ರ ಜರುಗಿತು. ಅದರೊಳಗೆ ಹಿಡಿಯಲು ಏನೂ ಇರಲಿಲ್ಲ. ಸುತ್ತ ಹಮಾಲರ ನಗು ಇನ್ನೂ ನಿಂತಿರಲಿಲ್ಲ.

ಶಿಬಿರ ಅರ್ಧಕ್ಕೆ ಬಿಟ್ಟು ಅಪ್ಪನನ್ನು ಮನೆಗೆ ಕರೆತಂದಳು. ತಾಯಿ ದುರುಗಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅಪ್ಪ ಊಟ ಕಡಿಮಿ ಮಾಡ್ಯಾನೇನು?"

"ಅವ ಎಲ್ಲಿ ಮಾಡ್ತಾನ? ಅರ್ಧ ರೊಟ್ಟಿ ತಿನ್ನೂದ್ರಾಗ ಹೊಟ್ಟಿ ತುಂಬಿತು ಅಂತಾನ. ಕಟ್ಟಿದ ಬುತ್ತಿ ಹಂಗ ತಿರುಗಿ ಬರ್ತೈತಿ. ಬೈದ್ರ, 'ಮಗಳು ಹೇಳ್ಯಾಳ' ಅಂತಾನ."

ರೊಟ್ಟಿಯ ಬಡಿತ ಮುಂದುವರಿಯಿತು. ರೇಖಾ ಅಪ್ಪನ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ನೂರಾ ನಾಲ್ಕು.

"ಸಕ್ರಿ ಇಲ್ಲಲ್ಲ?" ದುರುಗಮ್ಮನ ಮುಖ ಅರಳಿತು. "ಹುಲಿಗೆಮ್ಮ ತಾಯಿ ಕಾಪಾಡಿದ್ಲು."

ಸಕ್ಕರೆಯೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಎಂದು ರೇಖಾಳಿಗೆ ಅನ್ನಿಸಿತು. ಅದಕ್ಕೊಂದು ಹೆಸರಿತ್ತು, ಮಾತ್ರೆ ಇತ್ತು. ಬಯಸಿ ಇಳಿಸಿದ ತೂಕವಲ್ಲ ಇದು. ಯಾವುದೋ ಒಂದು ಒಳಗಿನಿಂದ ತಿಂದುಕೊಂಡು ಹೋದದ್ದು. ಇಳಿಯುತ್ತ ಇಳಿಯುತ್ತ ಆ ಸಂಖ್ಯೆ ಆರೋಗ್ಯವಂತರ ಹಸಿರು ಸಾಲನ್ನು ಹಾದುಹೋಗುತ್ತಿತ್ತು, ಅಷ್ಟೇ. ಹಾಗೆ ಹಾದುಹೋಗುವಾಗ ಚಪ್ಪಾಳೆ ತಟ್ಟಿಸಿದವಳು ಅವಳು.

"ಅಂಗಿ ಬಿಚ್ಚಪ್ಪ."

"ಯಾಕವ್ವ? ನನ್ನ ನಂಬರ್ ಸರಿ ಐತಿ ಅಂದೆಲ್ಲ?"

"ನಾ ತಪ್ಪು ಹೇಳಿದ್ದೆ. ಹೋದ ವರ್ಷಾನೂ, ಇವತ್ತೂ."

ಅವನು ನಕ್ಕ. "ನರ್ಸಮ್ಮ ತಪ್ಪು ಹೇಳಿದ್ರ ನಾವು ಯಾರನ್ನ ಕೇಳೂದು?" ಆದರೂ ಅಂಗಿ ಬಿಚ್ಚಿ ಹೊರಸಿನ ಮೇಲೆ ಕುಳಿತ. ಪಕ್ಕೆಲುಬು ಎಣಿಸಬಹುದಿತ್ತು. ರೇಖಾ ಕುತ್ತಿಗೆಯಿಂದ ಭುಜದವರೆಗೆ ಬೆರಳಾಡಿಸಿದಳು. ಎಡಗಡೆಯ ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಬೆರಳು ನಿಂತಿತು. ಶೇಂಗಾ ಬೀಜದಷ್ಟು ಗಂಟು. ಗಟ್ಟಿ. ಒತ್ತಿದರೂ ಜರುಗಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಕೆಲವೊಮ್ಮೆ ಇಲ್ಲೇ ಗಂಟಾಗಿ ಕಾಣಿಸಿಕೊಳ್ಳುತ್ತದೆ ಎಂದು ಅವಳು ಓದಿದ್ದಳು.

"ನೋಯ್ತೈತೇನು?"

"ಇಲ್ಲ. ಏನದು?"

ಏನಿಲ್ಲ ಎನ್ನಬಹುದಿತ್ತು. ಹಿರೇಹಡಗಲಿಯಲ್ಲಿ ದಿನಕ್ಕೆ ಹತ್ತು ಸಲ ಅವಳು ಹಾಗನ್ನುತ್ತಿದ್ದಳು, ಜನ ಸಮಾಧಾನವಾಗಿ ಎದ್ದುಹೋಗುತ್ತಿದ್ದರು.

"ಗೊತ್ತಿಲ್ಲಪ್ಪ. ದೊಡ್ಡ ಡಾಕ್ಟರ್ ನೋಡ್ಬೇಕು. ಇವತ್ತ ಹೊಸಪೇಟಿಗೆ ಹೋಗಾಣ."

"ಇವತ್ತ? ಮಧ್ಯಾಹ್ನ ಲಾರಿ ಬರ್ತಾವ ಹುಚ್ಚಿ. ಮುಂದಿನ ವಾರ ನೋಡಾಣ."

ಹುಲುಗಪ್ಪ ಬೈಗುಳಕ್ಕೆ ಕಾದ. ಬೀಡಿ ಸೇದಿದರೆ, ಬಿಪಿ ಮಾತ್ರೆ ಮರೆತರೆ, ಉಪ್ಪಿನಕಾಯಿ ಹೆಚ್ಚು ಹಾಕಿಕೊಂಡರೆ ಮನೆ ಹಾರಿಹೋಗುವ ಹಾಗೆ ಬೈಯುವ ಮಗಳು. ಇಂದು ಅವಳು ಬೈಯಲಿಲ್ಲ. ಅವಳ ಬೆರಳು ಆ ಗುಳಿಯಲ್ಲೇ ಇತ್ತು, ತಣ್ಣಗೆ. ಅವನು ತಲೆಯೆತ್ತಿ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅವಳು ಬೇರೆ ಕಡೆ ನೋಡಲಿಲ್ಲ.

ಅವನ ನಗು ನಿಧಾನವಾಗಿ ಆರಿತು. ಕೈಚಾಚಿ ಅಂಗಿ ತೆಗೆದುಕೊಂಡು ತೊಟ್ಟ. ಗುಂಡಿಗಳು ಒಂದು ಕಾಜಾ ತಪ್ಪಿ ಬಿದ್ದವು. ಬಿಚ್ಚಿ ಮತ್ತೆ ಹಾಕಿಕೊಂಡ.

"ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳಿದ.

"ಎಲ್ಲಿಗೆ ಹೊಂಟ್ರಿ ಇಬ್ರೂ, ರೊಟ್ಟಿ ಆಗ್ಯಾವ," ಎಂದು ದುರುಗಮ್ಮ ಒಲೆಯ ಮುಂದಿನಿಂದ ಕೂಗಿದಳು. ರೇಖಾ ಅಪ್ಪನ ಚಪ್ಪಲಿ ಹುಡುಕಿ ಬಾಗಿಲ ಬಳಿ ಇಟ್ಟಳು.