ಪರದೆಯ ಮೇಲಿನ ಪದ

ಕೊಟ್ಟೂರಿನ ಕ್ಷಯ ಚಿಕಿತ್ಸಾ ಕೇಂದ್ರಕ್ಕೆ ಕಂಪ್ಯೂಟರ್ ಬಂದ ಎರಡನೆಯ ವರ್ಷ, ೧೯೮೯. ಐದು ತಾಲ್ಲೂಕಿನ ರೋಗಿಗಳು ಯಾವ ದಿನ ಮಾತ್ರೆಗೆ ಬರಬೇಕೆಂಬ ಪಟ್ಟಿಯೆಲ್ಲ ಅದರೊಳಗಿತ್ತು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಡಿಸ್ಕುಗಳು ಅದೇ ಪಟ್ಟಿಯನ್ನು ಬರೆದಿಟ್ಟುಕೊಳ್ಳುತ್ತಿದ್ದವು. ಅವು ಹೇಗಿವೆಯೆಂದು ಪರದೆಯ ಮೂಲೆಯಲ್ಲಿ ಒಂದು ಇಂಗ್ಲಿಷ್ ಪದ ಹೇಳುತ್ತಿತ್ತು.

ಹೋದ ಅಮಾವಾಸ್ಯೆಯಿಂದ ಅಲ್ಲಿ ‘ಡಿಗ್ರೇಡೆಡ್’, ಅಂದರೆ ಸ್ಥಿತಿ ಕೆಟ್ಟಿದೆ, ಎಂದಿತ್ತು. ಕೆಲಸವೇನೂ ನಿಂತಿರಲಿಲ್ಲವಾದ್ದರಿಂದ ಟೈಪಿಸ್ಟ್ ಮೈಲಮ್ಮ ಕಂಡೂ ಕಾಣದಂತೆ ಟೈಪು ಮಾಡುತ್ತ ಹೋಗಿದ್ದಳು. ದಿನಕ್ಕೆ ಅರವತ್ತು ರೋಗಿಗಳ ಚೀಟಿ; ಯಾರನ್ನಾದರೂ ಕೇಳುವುದಕ್ಕೂ ದಣಿವು. ಇಂದು ಬೆಳಿಗ್ಗೆ ಬಳ್ಳಾರಿಯಿಂದ ಬಂದ ಎಂಜಿನಿಯರ್ ಅದನ್ನು ನೋಡಿ ಹೌಹಾರಿದ. ಒಂದು ಡಿಸ್ಕು ಸತ್ತು ತಿಂಗಳಾಗಿತ್ತು. ಹೊಸದನ್ನು ಕೂರಿಸಿ, “ಹಳೇದರಿಂದ ಇದಕ್ಕೆ ನಕಲು ಮುಗಿದು ‘ಹೆಲ್ದಿ’ ಅಂತ ಬರುವವರೆಗೆ ಕರೆಂಟು ತೆಗೀಬೇಡಿ. ಉಳಿದದ್ದೂ ಕೆಟ್ಟರೆ ಪಟ್ಟಿ ಹೋದಂತೆಯೇ” ಎಂದು ಹೇಳಿ ಬಸ್ಸು ಹತ್ತಿದ.

ಮಧ್ಯಾಹ್ನ ಅಟೆಂಡರ್ ಹುಲುಗಣ್ಣ ಕಾಯಿ, ವಿಭೂತಿ ಹಿಡಿದು ಬಂದ. ಮತ್ತೆ ಅಮಾವಾಸ್ಯೆ.

“ಏಳವ್ವಾ, ಬಂದ್ ಮಾಡ್ತೀನಿ. ಲಾರಿ ನಿಂತಾವ, ಗಿರಣಿ ನಿಂತೈತಿ, ನಿಂದೊಂದ ಓಡಾಕತ್ತೈತಿ. ಅಮಾಸಿ ದಿನ ಮಷೀನಿಗೂ ಬಿಡುವು ಬ್ಯಾಡೇನು?”

ಕೈ ಆಗಲೇ ಪ್ಲಗ್ಗಿನತ್ತ ಹೋಗಿತ್ತು.

“ಯಣ್ಣಾ, ಮುಟ್ಟಬ್ಯಾಡ!”

ಮೈಲಮ್ಮ ಅಡ್ಡ ನಿಂತು ಎಲ್ಲ ಹೇಳಿದಳು. ಹುಲುಗಣ್ಣನ ಮುಖ ಬಾಡಿತು.

“ಹೋದ ಅಮಾಸಿಗೆ ನಾನಾ ಪ್ಲಗ್ ಕಿತ್ತಿದ್ದೆ. ಮ್ಯಾಲೆ ನೀರೂ ಚಿಮುಕಿಸಿದ್ದೆ. ನಾನಾ ಕೊಂದ್ನೇನವ್ವಾ?”

ಡಿಸ್ಕು ಹೇಗೆ ಕೆಟ್ಟಿತೆಂದು ಎಂಜಿನಿಯರ್ ಕೇಳಿದಾಗ ಅವಳು ಇವನ ಹೆಸರೆತ್ತಿರಲಿಲ್ಲ.

“ನೀ ಒಂದಿನ ಕಿತ್ತಿ. ನಾ ತಿಂಗಳತನಕ ನೋಡಿ ಸುಮ್ಮನಿದ್ದೆ.”

ಅವನು ಸ್ಟೂಲು ಎಳೆದುಕೊಂಡು ಪ್ಲಗ್ಗಿನ ಪಕ್ಕದಲ್ಲೇ ಕೂತ. ಕಸ ಗುಡಿಸಲು ಬಂದವಳನ್ನೂ ಆ ಕಡೆ ಬಿಡಲಿಲ್ಲ. ನಡುವೆ ಒಮ್ಮೆ ಕಿಟಕಿಯಿಂದಲೇ ಕೂಗಿ ಮೈಲಮ್ಮನಿಗೆ ಚಹಾ ತರಿಸಿದ.

ಐದು ಗಂಟೆಗೆ ಪದ ಬದಲಾಯಿತು. ‘ಹೆಲ್ದಿ’. ಹಿಗ್ಗಲೂ ತ್ರಾಣವಿಲ್ಲದೆ ಮೈಲಮ್ಮ ಮೇಜಿಗೆ ಹಣೆಯೂರಿದಳು.

“ಆ ಪದ ನನಗೂ ತೋರ್ಸವ್ವಾ. ನಿನಗ ದಣಿವಾದಾಗ ನಾ ನೋಡ್ತೀನಿ.”

ಅವಳು ಎರಡೂ ಪದಗಳ ಮೊದಲಕ್ಷರ, H ಮತ್ತು D, ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು. ಇಂಗ್ಲಿಷ್ ಓದಲು ಬಾರದ ಹುಲುಗಣ್ಣ ಬಹಳ ಹೊತ್ತು ನೋಡಿದ.

“ಸುಖ ಇದ್ರ ಏಣಿ ಇದ್ದಂಗ ಐತಿ. ಕೆಟ್ರ ನಮ್ಮ ಸಾಹೇಬ್ರ ಹೊಟ್ಟಿ ಇದ್ದಂಗ.”

ಮೈಲಮ್ಮನಿಗೆ ಆ ದಿನದ ಮೊದಲ ನಗು ಬಂತು.

“ಹೊಟ್ಟಿ ಕಂಡ್ರ ಯಾರಿಗೆ ಹೇಳ್ಲಿ?”

“ನನಗ ಹೇಳು. ನಾ ಸುಮ್ಮನ ಕುಂತ್ರ, ಬೈದು ಹೇಳು.”