ನಲ್ಲಿ ನೀರಿಗೂ ಸಕ್ಕರೆ ಕಾಯಿಲೆ

ನಮ್ಮ ಗಲ್ಲಿಯವರು ಸರ್ಕಾರಿ ದವಾಖಾನೆಗೆ ಹೊರಟರೆ ಚೀಟಿ ಮರೆತರೂ ನಡೆಯುತ್ತಿತ್ತು, ಬಾಟಲಿ ಮರೆಯುವಂತಿರಲಿಲ್ಲ. ಬಾಗಿಲಲ್ಲೇ ಬರೆದು ಹಾಕಿದ್ದರು: 'ಬಾಟಲಿ ತಂದವರಿಗೆ ಮಾತ್ರ ಔಷಧ.' ಕೆಮ್ಮಿಗೆ ಬಾಟಲಿ, ಹೊಟ್ಟೆನೋವಿಗೆ ಬಾಟಲಿ, ಮೂತ್ರ ಪರೀಕ್ಷೆಗೂ ಮನೆಯದೇ ಬಾಟಲಿ. ಅದರಲ್ಲಿ ಮೊದಲು ಎಣ್ಣೆ ಇತ್ತೋ, ಶರಬತ್ತು ಇತ್ತೋ, ಯಾರೂ ಕೇಳುತ್ತಿರಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕು ಎನ್ನುವ ಬುದ್ಧಿ ನನಗೆ ಹೇಗೆ ಬಂತು ಎಂದು ಹೇಳುತ್ತೇನೆ, ಕೇಳಿ. ನನ್ನ ಹೆಸರು ವಿಮಲಮ್ಮ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ ನಮ್ಮ ಮನೆ. ನನಗೆ ಬಾಯಿ ಸ್ವಲ್ಪ ಜಾಸ್ತಿ ಎನ್ನುತ್ತಾರೆ. ಇರಲಿ ಬಿಡಿ.

ನಮ್ಮ ಗೋಡೆಗೆ ಅಂಟಿದ ಮನೆ ಅಖ್ತರ್ ಬೀಯದು. ಗಂಡ ಪೀರ್ ಬಾಷಾ ಲಾರಿ ಡ್ರೈವರ್, ತಿಂಗಳಲ್ಲಿ ಹದಿನೈದು ದಿನ ಊರಲ್ಲಿ ಇರುವುದಿಲ್ಲ. ಮೂರು ಮಕ್ಕಳು. ಕೊನೆಯ ಹೆಣ್ಣು ಕೂಸು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಖ್ತರ್ ಬೀದಿ ನಲ್ಲಿಯ ಹತ್ತಿರ ಕೊಡ ಇಟ್ಟವಳು ಹಾಗೇ ಕುಸಿದು ಕುಳಿತಳು.

"ಏನೇ ಮಾರಾಯ್ತಿ, ಏನಾಯ್ತು?" ಎಂದು ಓಡಿದೆ.

"ಏನಿಲ್ಲ ವಿಮಲಕ್ಕ, ತಲೆ ಗಿರ್ ಅಂತು. ತಿಂಗಳಿಂದ ಹಿಂಗೇ. ಎರಡು ಹೆಜ್ಜೆ ಇಟ್ರೆ ಏದುಸಿರು ಬರ್ತದೆ."

"ತಿಂಗಳಿಂದ ಸುಮ್ನಿದ್ದೀಯಾ? ನಡಿ ದವಾಖಾನೆಗೆ!"

ದವಾಖಾನೆಯ ಡಾಕ್ಟರ್ ಧರ್ಮಪ್ಪನವರು ಒಳ್ಳೆಯವರೇ. ಆದರೆ ಹೊರಗೆ ನೂರು ಜನ ಕಾದಿರುವಾಗ ಒಬ್ಬೊಬ್ಬರನ್ನು ಎಷ್ಟು ಹೊತ್ತು ನೋಡಿಯಾರು? "ನಾಳೆ ಮೂತ್ರ ತನ್ನಿ, ಪರೀಕ್ಷೆ ಮಾಡೋಣ" ಎಂದರು. ಕಾಂಪೌಂಡರ್ ಹುಲಿಯಪ್ಪ ಒಳಗಿನಿಂದಲೇ ಕೂಗಿದ, "ಬಾಟಲಿ ನಿಮ್ದೇ ತರ್ಬೇಕು!"

ಅಖ್ತರ್ ಮನೆಯಲ್ಲಿದ್ದ ಒಂದೇ ಬಾಟಲಿಯಲ್ಲಿ ಕೂಸಿನ ಕೆಮ್ಮಿನ ಔಷಧವಿತ್ತು. ನಾನಿರುವಾಗ ಅವಳಿಗೇನು ಚಿಂತೆ? ಜೇನಿನ ಹಾಗೆ ಸುರಿಯುವ ಜೋನಿ ಬೆಲ್ಲ ತಂದಿಟ್ಟುಕೊಂಡಿದ್ದ ಬಾಟಲಿ ಹಿಂದಿನ ದಿನವಷ್ಟೇ ಖಾಲಿಯಾಗಿತ್ತು. ದೋಸೆಗೆ ಜೋನಿ ಬೆಲ್ಲ ಇಲ್ಲದಿದ್ದರೆ ನನಗೆ ದೋಸೆಯೇ ಸೇರುವುದಿಲ್ಲ. ಒಂದಿಷ್ಟು ನೀರು ಹಾಕಿ ಕುಲುಕಿ ಚೆಲ್ಲಿ, "ತಗೋ" ಎಂದು ಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಎಂದು ಬೀಗಿದೆ ಕೂಡ.

ಶನಿವಾರ ಫಲಿತಾಂಶ ಬಂತು. ಸಕ್ಕರೆ ಕಾಯಿಲೆ. ಅದೂ ಜೋರಾಗಿದೆಯಂತೆ. ಅನ್ನ ಬಿಡಬೇಕು, ಸಿಹಿ ಮುಟ್ಟಬಾರದು, ಸೋಮವಾರದಿಂದ ದಿನಾ ಬೆಳಿಗ್ಗೆ ಇಂಜೆಕ್ಷನ್. ಎಷ್ಟು ದಿನ ಎಂದು ಕೇಳಿದ್ದಕ್ಕೆ ಹುಲಿಯಪ್ಪ ತಲೆ ಎತ್ತದೆ, "ಇರೋ ತನಕ" ಎಂದ.

ಅಖ್ತರ್ ಮನೆಗೆ ಬಂದವಳೇ ಅನ್ನದ ಪಾತ್ರೆ ಮಕ್ಕಳ ಮುಂದೆ ಸರಿಸಿದಳು. ಅವತ್ತು ರಾಗಿ ಗಂಜಿ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟಳು. ಎದೆಹಾಲು ಸಾಲದೆ ಕೂಸು ಒಂದೇ ಸಮನೆ ಅತ್ತಿತು. ನಾನೇ ಎತ್ತಿಕೊಂಡು ಗಲ್ಲಿಯಲ್ಲಿ ತಿರುಗಾಡಿಸಿದೆ.

ಭಾನುವಾರ ಅವಳ ಅಣ್ಣ ಬಾಬು ಸಾಬ್ ಭದ್ರಾವತಿಯಿಂದ ಬಂದರು. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ತಂಗಿಯ ಮುಖ ನೋಡಿ ಗಾಬರಿಯಾದರೂ, ಕಾಯಿಲೆಯ ಹೆಸರು ಕೇಳಿ ಗಾಬರಿಯಾಗಲಿಲ್ಲ.

"ಅರೆ, ಅಳೋದ್ಯಾಕೆ? ನಂಗೂ ಸಕ್ಕರೆ ಕಾಯಿಲೆ ಇದೆ, ನಾಲ್ಕು ವರ್ಷ ಆಯ್ತು. ದಿನಾ ಪಾಳಿಗೆ ಹೋಗ್ತೀನಿ, ನಡೀತೀನಿ, ನಗ್ತೀನಿ. ಸತ್ತಿದ್ದೀನಾ?" ಎಂದರು. ಆಮೇಲೆ ಹಣೆ ಸುಕ್ಕು ಮಾಡಿ, "ಪರೀಕ್ಷೆ ಎಷ್ಟು ಸಲ ಮಾಡಿದ್ರು?" ಎಂದು ಕೇಳಿದರು.

"ಒಂದೇ ಸಲ, ಭಾಯಿ."

"ಬಾಟಲಿ ಯಾರು ಕೊಟ್ರು?"

"ನಾನು ಕೊಟ್ಟೆ" ಎಂದು ಹೆಮ್ಮೆಯಿಂದ ಮುಂದೆ ಬಂದೆ. "ಜೋನಿ ಬೆಲ್ಲದ್ದು. ಗಟ್ಟಿ ಬಾಟಲಿ."

ಬಾಬು ಸಾಬ್ ತಲೆಯ ಮೇಲೆ ಕೈ ಇಟ್ಟುಕೊಂಡರು. "ಯಾ ಅಲ್ಲಾ! ಅಕ್ಕಾ, ಬಿಸಿನೀರಲ್ಲಿ ತೊಳೆದಿದ್ರಾ?"

"ನೀರು ಹಾಕಿ ಕುಲುಕಿದ್ದೆ..."

"ಅಕ್ಕಾ, ನೀಲಿ ಔಷಧಕ್ಕೆ ಮೂತ್ರದ ಹನಿ ಹಾಕಿ ಕಾಯಿಸ್ತಾರೆ. ಸಕ್ಕರೆ ಇದ್ರೆ ಇಟ್ಟಿಗೆ ಬಣ್ಣಕ್ಕೆ ತಿರುಗ್ತದೆ. ಆ ಸಕ್ಕರೆ ಮನುಷ್ಯಂದೋ, ಬಾಟಲೀದೋ, ಔಷಧಕ್ಕೆ ಹೆಂಗೆ ಗೊತ್ತಾಗ್ಬೇಕು? ನಮ್ಮ ಕಾರ್ಖಾನೆ ಆಸ್ಪತ್ರೇಲಿ ಅವರೇ ಶುದ್ಧ ಬಾಟಲಿ ಕೊಡ್ತಾರೆ, ನಂಬರ್ ಚೀಟಿ ಅಂಟಿಸ್ತಾರೆ. ಕಾಯಿಲೆ ಇಲ್ಲದೋರಿಗೆ ಸಕ್ಕರೆ ಇಳಿಸೋ ಇಂಜೆಕ್ಷನ್ ಚುಚ್ಚಿದ್ರೆ ಪ್ರಜ್ಞೆ ತಪ್ಪಿ ಬೀಳ್ತಾರೆ. ಜೀವಕ್ಕೇ ಅಪಾಯ."

ನಾಳೆಯೇ ಸೋಮವಾರ! ಒಂದು ಚೆಂಬು ನೀರು ಗಟಗಟ ಕುಡಿದೆ. ಗಂಟಲು ಮತ್ತೆ ಒಣಗಿತು. ಇನ್ನೊಂದು ಚೆಂಬು ಕುಡಿದೆ.

"ಅಯ್ಯೋ, ನನ್ನ ಕೈಯಾರೆ ನಿನ್ನ ಕೊಲ್ತಿದ್ನಲ್ಲೇ" ಎಂದು ಅತ್ತೇಬಿಟ್ಟೆ.

"ತಪ್ಪು ನಿಮ್ದಲ್ಲ ಅಕ್ಕಾ. ಬಾಟಲಿ ಮನೆಯಿಂದ ತನ್ನಿ ಅಂದೋರ್ದು. ನಾಳೆ ನಾನೂ ಬರ್ತೀನಿ. ಇನ್ನೊಂದು ಸಲ ಪರೀಕ್ಷೆ ಮಾಡಿ ಅಂತ ಕೇಳೋಣ."

"ಸರ್ಕಾರದೋರನ್ನ ಕೇಳೋಕಾಗುತ್ತಾ ಬಾಬಣ್ಣ? ಪುಕ್ಕಟೆ ಔಷಧ ಕೊಡೋರು. ಸಿಟ್ಟು ಬಂದು ನಾಳೆಯಿಂದ ಬರಬೇಡಿ ಅಂದ್ರೆ?"

"ಪುಕ್ಕಟೆ ಯಾವುದಕ್ಕಾ? ನೀವು ಬೆಂಕಿಪೊಟ್ಟಣ ತಗೊಂಡ್ರೂ ಸರ್ಕಾರಕ್ಕೆ ತೆರಿಗೆ ಹೋಗ್ತದೆ. ಪೀರ್ ಬಾಷಾ ಲಾರೀದೂ ಹೋಗ್ತದೆ. ನಮ್ಮ ದವಾಖಾನೇಲಿ ನಾವು ಕೇಳೋಕೆ ಹೆದರೋದು ಯಾಕೆ? ಜಗಳ ಬೇಡ. ಮರ್ಯಾದೆಯಿಂದ ಕೇಳೋಣ. ಆದ್ರೆ ಕೇಳೋಣ."

ಸೋಮವಾರ ಬೆಳಿಗ್ಗೆ ಹೋದಾಗ ಹುಲಿಯಪ್ಪ ಸೂಜಿ ಕುದಿಸಲು ಇಟ್ಟಾಗಿತ್ತು. ಮರುಪರೀಕ್ಷೆ ಎಂದ ಕೂಡಲೇ ಅವನ ಮುಖ ಗಂಟಿಕ್ಕಿತು. "ಒಬ್ಬೊಬ್ರಿಗೂ ಎರಡೆರಡು ಸಲ ಮಾಡೋಕೆ ನಮಗೇನು ನಾಲ್ಕು ಕೈ ಇದಾವಾ? ಶುದ್ಧ ಬಾಟಲಿ ಬೇಕು ಅಂತ ಮೇಲಕ್ಕೆ ಬರೆದು ಎಂಟು ತಿಂಗಳಾಯ್ತು. ಕೇಳೋರು ಯಾರು?"

ಬಾಬು ಸಾಬ್ ದನಿ ಏರಿಸಲಿಲ್ಲ. ಪರೀಕ್ಷೆ ಆದಮೇಲೆ ನಮಗೇ ವಾಪಸ್ ಕೊಟ್ಟಿದ್ದ ಜೋನಿ ಬೆಲ್ಲದ ಬಾಟಲಿಯನ್ನು ಡಾಕ್ಟರ ಮುಂದೆ ಇಟ್ಟು, ತಳಕ್ಕೆ ಅಂಟಿದ್ದ ಬೆಲ್ಲ ತೋರಿಸಿ, "ಸ್ವಾಮಿ, ಒಂದು ಉಪಕಾರ ಮಾಡಿ. ಇದ್ರಲ್ಲಿ ನಲ್ಲಿ ನೀರು ಹಾಕಿ ಪರೀಕ್ಷೆ ಮಾಡಿ. ಬರೀ ನೀರು" ಎಂದರು.

ಡಾಕ್ಟರು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ತಾವೇ ಎದ್ದು ನಲ್ಲಿ ನೀರು ಹಿಡಿದು, ಬಾಟಲಿ ಕುಲುಕಿ, ನಾಲ್ಕು ಹನಿ ನೀಲಿ ಔಷಧಕ್ಕೆ ಬಿಟ್ಟು ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ನೋಡನೋಡುತ್ತ ಇಟ್ಟಿಗೆ ಬಣ್ಣವಾಯಿತು.

"ಇನ್ನೇನು ಸ್ವಾಮಿ, ನಲ್ಲಿ ನೀರಿಗೂ ಇಂಜೆಕ್ಷನ್ ಚುಚ್ಚಿಬಿಡಿ!" ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು.

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡಾಕ್ಟರು ನಗಲಿಲ್ಲ. ಕುದಿಯುವ ನೀರಿನಲ್ಲಿ ಒಂದು ಬಾಟಲಿ ತೊಳೆಸಿ ಅಖ್ತರಿಗೆ ಕೊಟ್ಟರು. ಈ ಸಲ ಕಾಯಿಸಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಇನ್ನೊಮ್ಮೆ ಮಾಡಿದರು, ಆಗಲೂ ನೀಲಿ. ಆಮೇಲೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿದರು, ನಾಲಿಗೆ ನೋಡಿದರು. ಎರಡೂ ಸುಣ್ಣದ ಹಾಗೆ ಬೆಳ್ಳಗಿದ್ದವು.

"ನಿಮಗೆ ಸಕ್ಕರೆ ಕಾಯಿಲೆ ಇಲ್ಲಮ್ಮ. ರಕ್ತ ಕಡಿಮೆ ಇದೆ, ರಕ್ತದಲ್ಲಿ ಕಬ್ಬಿಣದ ಅಂಶ ಸಾಲದು. ಮೂರು ತಿಂಗಳು ಮಾತ್ರೆ ತಗೊಳ್ಳಿ, ಸೊಪ್ಪು ಕಾಳು ತಿನ್ನಿ, ಅನ್ನಾನೂ ಊಟ ಮಾಡಿ. ಮೊದಲೇ ನೋಡಬೇಕಿತ್ತು. ತಪ್ಪು ನಮ್ಮದು" ಎಂದರು. ಹಾಗೆ ಒಪ್ಪಿಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು.

ಬಾಬು ಸಾಬ್ ತಂಗಿಯ ತಲೆ ಸವರಿ ಹೇಳಿದರು, "ಭದ್ರಾವತಿ ತುಂಬ ಕಬ್ಬಿಣ, ನಮ್ಮ ಮನೆ ಹುಡುಗಿ ಮೈಯಲ್ಲಿ ಚೂರೂ ಇಲ್ಲ ನೋಡಿ!" ಅಖ್ತರ್ ಅಳುತ್ತಲೇ ನಕ್ಕಳು. ಆ ದಿನ ನಮ್ಮ ಮನೆಯಲ್ಲೇ ಅವಳಿಗೆ ಬಿಸಿ ಅನ್ನ, ನುಗ್ಗೆಸೊಪ್ಪಿನ ಪಲ್ಯ ಬಡಿಸಿದೆ. ಎರಡು ಸಲ ಹಾಕಿಸಿಕೊಂಡಳು. ಅಬ್ಬಾ, ಎದೆ ಮೇಲಿನ ಬಂಡೆ ಇಳಿದ ಹಾಗಾಯಿತು ನನಗೆ.

ಅಷ್ಟಕ್ಕೇ ನಾನು ಸುಮ್ಮನಾಗುತ್ತಿದ್ದೆ. ಬಾಬು ಸಾಬ್ ಬಿಡಲಿಲ್ಲ. "ಇವತ್ತು ಇವಳು ಉಳಿದ್ಲು. ನಾಳೆ ಇನ್ಯಾರದೋ ಬಾಟಲಿ? ಹುಲಿಯಪ್ಪನೋರು ಬರೆದಿದ್ದಕ್ಕೆ ಉತ್ತರ ಬರ್ಲಿಲ್ಲ ಅಂದ್ರೆ ನಾವು ಬರೆಯೋಣ" ಎಂದರು.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅರ್ಜಿ ಬರೆದೆವು. ದವಾಖಾನೆಯೇ ಶುದ್ಧ ಬಾಟಲಿ ಕೊಡಬೇಕು, ಅದರ ಮೇಲೆ ರೋಗಿಯ ಹೆಸರು ಇರಬೇಕು, ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು, 'ಇರೋ ತನಕ' ಎನ್ನುವಂಥ ಕಾಯಿಲೆಯ ಹೆಸರು ಹೇಳುವ ಮೊದಲು ಎರಡನೇ ಸಲ ಪರೀಕ್ಷಿಸಬೇಕು. ಗಲ್ಲಿಯ ನಲವತ್ತು ಜನ ಸಹಿ ಮಾಡಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಹುಲಿಯಪ್ಪನೂ ಗುಟ್ಟಾಗಿ ಬಂದು, "ನಂದೂ ಒಂದು ಇರ್ಲಿ ಅಂತ ಆಸೆ, ಆದ್ರೆ ನೌಕರಿ ನೋಡಿ" ಎಂದು ನಕ್ಕು ಹೋದ.

ಅರ್ಜಿ ಕೊಡಲು ಹೋದವಳು ನಾನು. ಗುಮಾಸ್ತ, "ಇಟ್ಟು ಹೋಗಿ" ಎಂದ. ಬಾಬು ಸಾಬ್ ಮೊದಲೇ ಹೇಳಿಕೊಟ್ಟಿದ್ದರು. ಎರಡನೇ ಪ್ರತಿ ಚಾಚಿ, "ಇದ್ರ ಮೇಲೆ ಮೊಹರು, ತಾರೀಖು ಹಾಕ್ಕೊಡಿ ಸ್ವಾಮಿ. ಆಮೇಲೆ ಹೋಗ್ತೀನಿ" ಎಂದು ಬೆಂಚಿನ ಮೇಲೆ ಕುಳಿತೆ. ಅಲ್ಲಿದ್ದ ಮಡಕೆಯಿಂದ ನಾಲ್ಕು ಲೋಟ ನೀರು ಕುಡಿಯುವಷ್ಟರಲ್ಲಿ ಮೊಹರು ಬಿತ್ತು. ತಿಂಗಳಾದರೂ ಉತ್ತರವಿಲ್ಲ. ಆ ಪ್ರತಿ ಹಿಡಿದು ಮತ್ತೆ ಹೋದೆ. ಮೊಹರು ಕಂಡ ಮೇಲೆ ಕಡತ ಹುಡುಕದೆ ಅವರಿಗೂ ವಿಧಿಯಿರಲಿಲ್ಲ. ಹದಿನೈದು ದಿನಕ್ಕೆ ದವಾಖಾನೆಯ ಮುಂದೆ ಒಂದು ಪೆಟ್ಟಿಗೆ ಹೊಸ ಬಾಟಲಿ ಇಳಿಯಿತು. ಬಾಗಿಲ ಮೇಲಿನ ಬರಹವನ್ನು ಹುಲಿಯಪ್ಪ ತಾನೇ ಅಳಿಸಿದ.

"ವಿಮಲಮ್ಮಾವ್ರೇ, ಇಷ್ಟು ಗಲಾಟೆ ಮಾಡಿ ತರಿಸಿದ್ದೀರಿ. ಬೋಣಿ ನೀವೇ ಮಾಡಿ" ಎಂದು ಮೊದಲ ಬಾಟಲಿಗೆ ನನ್ನ ಹೆಸರು ಬರೆದ ಚೀಟಿ ಅಂಟಿಸಿ ಕೊಟ್ಟ.

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ನಗುತ್ತಲೇ ಇಸಿದುಕೊಂಡೆ.

ನೀಲಿ ಔಷಧ ಇಟ್ಟಿಗೆ ಬಣ್ಣವಾಯಿತು.

ಮರುದಿನ ಇನ್ನೊಂದು ಹೊಸ ಬಾಟಲಿ. ಅದೂ ಇಟ್ಟಿಗೆ ಬಣ್ಣ. ಆ ಚೆಂಬುಗಟ್ಟಲೆ ನೀರನ್ನೆಲ್ಲ ನಾನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆ! ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಗ ಅಖ್ತರ್ ಬಂದು ನನ್ನ ಕೈ ಹಿಡಿದು, "ವಿಮಲಕ್ಕ, ಭಾಯಿ ಸತ್ತಿದ್ದಾನಾ?" ಎಂದಳು. ಡಾಕ್ಟರು ಕಾಯಿಲೆ ಶುರುವಿನಲ್ಲೇ ಸಿಕ್ಕಿದೆ ಎಂದರು. ಇಂಜೆಕ್ಷನ್ ಬೇಕಾಗಲಿಲ್ಲ. ಪಥ್ಯ ಮಾಡುತ್ತೇನೆ, ಮಾತ್ರೆ ನುಂಗುತ್ತೇನೆ, ಸಂಜೆ ಅಖ್ತರ್ ಜೊತೆ ರಾಗಿಗುಡ್ಡದ ಕಡೆ ನಡೆದು ಬರುತ್ತೇನೆ. ಅವಳಿಗೆ ಈಗ ಏದುಸಿರು ಇಲ್ಲ, ಮುಂದೆ ಮುಂದೆ ನಡೆದು ನನ್ನನ್ನೇ ಆಡಿಕೊಳ್ಳುತ್ತಾಳೆ. ಜೋನಿ ಬೆಲ್ಲದ ಬಾಟಲಿಯಲ್ಲಿ ಈಗ ಸೀಮೆಎಣ್ಣೆ ಇದೆ. ಆಸೆಯಾದಾಗ ಅದನ್ನೇ ನೋಡುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ಬೇರೆಯವಳಿಗಾಗಿ ಕೇಳಿ ತರಿಸಿದ ಬಾಟಲಿ ನನ್ನನ್ನು ಉಳಿಸಿತು. ತಿಂಗಳುಗಟ್ಟಲೆ ಸುಸ್ತು, ಬಾಯಾರಿಕೆ ಇದ್ದರೆ ಬಿಸಿಲನ್ನು ಬೈದು ಕೂರಬೇಡಿ, ನಿಮ್ಮ ಸರ್ಕಾರಿ ದವಾಖಾನೆಗೆ ಹೋಗಿ. ಶುದ್ಧ ಬಾಟಲಿ ಕೇಳಿ. ಫಲಿತಾಂಶ ಬರೆಸಿಕೊಳ್ಳಿ. ಅನುಮಾನ ಇದ್ದರೆ ಇನ್ನೊಮ್ಮೆ ಪರೀಕ್ಷಿಸಿ ಎನ್ನಿ. ಕೊಡದಿದ್ದರೆ ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ, ಪ್ರತಿಯ ಮೇಲೆ ಮೊಹರು ಬೀಳುವವರೆಗೆ ಬೆಂಚು ಬಿಟ್ಟು ಏಳಬೇಡಿ. ಕೇಳಲು ನಾಚಿಕೆಯಾದರೆ ನನ್ನನ್ನು ಕರೆಯಿರಿ. ನನಗೆ ಬಾಯಿ ಜಾಸ್ತಿ ಎಂದು ಮೊದಲೇ ಹೇಳಿದ್ದೇನಲ್ಲ, ಜೊತೆಗೆ ಬರುತ್ತೇನೆ.